ಆತ್ಮಜಾಗೃತಿಯ ಹಂಬಲ, ಮುಚ್ಚಿಡಬಾರದ ಕಾಯಿಲೆ

ಬೆಂಗಳೂರು: ನಗರದ ಪೂರ್ವ ಭಾಗದಲ್ಲಿರುವ ಜೀವನ್ ಬಿಮಾ ನಗರಕ್ಕೆ ಆ ಹೆಸರು ಬಂದದ್ದು ಜೀವ ವಿಮಾ ನಿಗಮದ ವಸತಿ ಕಾಲೊನಿಯಿಂದ. ವಿಮೆ ಮಾಡಿಸಲು ಹೊರಟವರಿಗೆ ಅನುಭವಿ ಏಜೆಂಟರು ಹೇಳುವ ಮಾತೊಂದಿದೆ: ಈಗಾಗಲೇ ಇರುವ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಇಂದು ಇದೇ ಬಡಾವಣೆಯಲ್ಲಿ, ಪಕ್ಕದ ಇಂದಿರಾನಗರದಲ್ಲಿ, ತಿಪ್ಪಸಂದ್ರದಲ್ಲಿ ನೆಲೆಸಿರುವ ಯುವ ಉದ್ಯೋಗಿಗಳಲ್ಲಿ ಅನೇಕರು ನೆಮ್ಮದಿಯನ್ನೂ ಆತ್ಮಜಾಗೃತಿಯನ್ನೂ ಅರಸುತ್ತಿದ್ದಾರೆ. ಆ ಏಜೆಂಟರ ಹಳೆಯ ಮಾತು ಈ ಹುಡುಕಾಟಕ್ಕೂ ಅಷ್ಟೇ ಅನ್ವಯಿಸುತ್ತದೆ.

ಮೂವತ್ತೈದು ವರ್ಷದ ಉದ್ಯೋಗಿಯೊಬ್ಬರನ್ನು ಕಲ್ಪಿಸಿಕೊಳ್ಳೋಣ. ಎರಡು ವರ್ಷಗಳಿಂದ ಖಿನ್ನತೆಗೆ ಮಾತ್ರೆ ನುಂಗುತ್ತಿದ್ದಾರೆ. ರಕ್ತದೊತ್ತಡವೂ ತುಸು ಹೆಚ್ಚು. ವಿದೇಶದ ವಿಶ್ವವಿದ್ಯಾಲಯಗಳಲ್ಲಿ ಅಣಬೆಯಿಂದ ದೊರೆಯುವ ಸಿಲೋಸೈಬಿನ್ ಎಂಬ ವಸ್ತುವಿನಿಂದ ಖಿನ್ನತೆ ಕಡಿಮೆಯಾಯಿತು, ಆಳವಾದ ಆಧ್ಯಾತ್ಮಿಕ ಅನುಭವವಾಯಿತು ಎಂಬ ಸುದ್ದಿಗಳನ್ನು ಓದಿದ್ದಾರೆ. ಗೆಳೆಯರೊಬ್ಬರು ವಾರಾಂತ್ಯದ ಏಕಾಂತ ಶಿಬಿರಕ್ಕೆ ಕರೆದಿದ್ದಾರೆ. ಅಲ್ಲಿ ಧ್ಯಾನವೂ ಇದೆ, ಗುಟ್ಟಾಗಿ ಬೇರೆ ಏನೋ ಇದೆ. ಹೋಗುವ ಮೊದಲು ಮಾತ್ರೆ ನಿಲ್ಲಿಸಿದರೆ ಒಳ್ಳೆಯದೆಂಬ ಸಲಹೆಯೂ ಬಂದಿದೆ. ಇವರು ಏನು ಮಾಡಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕುವ ಮುನ್ನ, ಓದಿದ ಸಂಶೋಧನೆ ಯಾರ ಮೇಲೆ ನಡೆಯಿತು ಎಂಬುದನ್ನು ತಿಳಿಯುವುದು ಅಗತ್ಯ.

ಹಳೆಯ ಹುಡುಕಾಟ

ಮನಸ್ಸಿನ ಸ್ಥಿತಿಯನ್ನು ಬದಲಿಸುವ ವಸ್ತುವಿಗೂ ಅಧ್ಯಾತ್ಮಕ್ಕೂ ಇರುವ ನಂಟು ಹೊಸತಲ್ಲ. ಋಗ್ವೇದದ ಸೋಮರಸ ಯಾವ ಸಸ್ಯದಿಂದ ಬರುತ್ತಿತ್ತು ಎಂಬುದು ಇಂದಿಗೂ ವಿವಾದದ ವಿಷಯ. ಅದು ಒಂದು ಬಗೆಯ ಅಣಬೆ ಎಂದು ಅಮೆರಿಕದ ಗಾರ್ಡನ್ ವಾಸನ್ 1968ರಲ್ಲಿ ವಾದಿಸಿದರು. ಅನೇಕ ವಿದ್ವಾಂಸರು ಅದನ್ನು ಒಪ್ಪಲಿಲ್ಲ. ಪತಂಜಲಿಯ ಯೋಗಸೂತ್ರಗಳ ನಾಲ್ಕನೆಯ ಪಾದವು ಸಿದ್ಧಿ ಲಭಿಸುವ ಐದು ದಾರಿಗಳಲ್ಲಿ ಔಷಧಿಯನ್ನೂ ಒಂದಾಗಿ ಹೆಸರಿಸುತ್ತದೆ. ಆದರೆ ಅದೇ ಪಾದದಲ್ಲಿ ಧ್ಯಾನದಿಂದ ಮೂಡಿದ ಚಿತ್ತಕ್ಕೆ ಮಾತ್ರ ಕರ್ಮಸಂಸ್ಕಾರದ ಶೇಷವಿಲ್ಲ ಎಂಬ ಅಭಿಪ್ರಾಯವೂ ಇರುವುದು ಗಮನಾರ್ಹ.

ಆಧುನಿಕ ಅಧ್ಯಾಯ ಆರಂಭವಾದದ್ದು ಪ್ರಯೋಗಾಲಯದಲ್ಲಿ. ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಎಲ್‌ಎಸ್‌ಡಿಯನ್ನು ತಯಾರಿಸಿದರು. ಅದರ ಪರಿಣಾಮ ಅವರಿಗೆ ಗೊತ್ತಾದದ್ದು ಐದು ವರ್ಷಗಳ ಬಳಿಕ, 1943ರಲ್ಲಿ. ಇಂತಹ ವಸ್ತುಗಳ ಪ್ರಯೋಗದಿಂದಾಗಿ ವಿವಾದಕ್ಕೆ ಸಿಲುಕಿ 1963ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಹೊರಬಿದ್ದ ರಿಚರ್ಡ್ ಆಲ್ಪರ್ಟ್, 1967ರಲ್ಲಿ ಭಾರತಕ್ಕೆ ಬಂದು ನೀಮ್ ಕರೋಲಿ ಬಾಬಾ ಅವರ ಶಿಷ್ಯರಾದರು. ರಾಮ್ ದಾಸ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಅವರು ಸಾಧನೆ ಮತ್ತು ಸೇವೆಯ ಹಾದಿ ಹಿಡಿದರು. ಗುಳಿಗೆಯಿಂದ ಕಂಡದ್ದು ಉಳಿಯುವುದಿಲ್ಲವೆಂಬ ಅತೃಪ್ತಿ ಅವರನ್ನು ಪೂರ್ವಕ್ಕೆ ಕರೆತಂದಿತ್ತು.

ಆಯ್ದು ತೆಗೆದ ಮೂವತ್ತಾರು ಮಂದಿ

ದೀರ್ಘ ನಿಷೇಧದ ನಂತರ ಸಂಶೋಧನೆಗೆ ಮರುಜೀವ ಬಂದದ್ದು 2006ರಲ್ಲಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರೋಲಂಡ್ ಗ್ರಿಫಿತ್ಸ್ ಮತ್ತು ಸಹೋದ್ಯೋಗಿಗಳು 36 ಮಂದಿ ಆರೋಗ್ಯವಂತರ ಮೇಲೆ ನಡೆಸಿದ ಸಿಲೋಸೈಬಿನ್ ಅಧ್ಯಯನವನ್ನು ಆ ವರ್ಷ ಪ್ರಕಟಿಸಿದರು. ಎರಡು ತಿಂಗಳ ಬಳಿಕ ವಿಚಾರಿಸಿದಾಗ ಸುಮಾರು ಮೂರನೇ ಎರಡು ಭಾಗದಷ್ಟು ಜನ, ಅದು ತಮ್ಮ ಬಾಳಿನ ಅತ್ಯಂತ ಅರ್ಥಪೂರ್ಣವಾದ ಐದು ಅನುಭವಗಳಲ್ಲಿ ಒಂದೆಂದರು. ಸುದ್ದಿಯಾದದ್ದು ಈ ಅಂಶ.

ಅಷ್ಟಾಗಿ ಸುದ್ದಿಯಾಗದ ಅಂಶಗಳೂ ಅದೇ ಅಧ್ಯಯನದಲ್ಲಿದ್ದವು. ಸುಮಾರು ಮೂರನೇ ಒಂದು ಭಾಗದಷ್ಟು ಜನರಿಗೆ ಆ ಗಂಟೆಗಳಲ್ಲಿ ತೀವ್ರ ಭಯ ಕಾಡಿತ್ತು. ಅವರು ಅದರಿಂದ ಹಾನಿಯಿಲ್ಲದೆ ಹೊರಬಂದರು. ಏಕೆಂದರೆ ಅವರೊಂದಿಗೆ ಮೊದಲೇ ಹಲವು ಗಂಟೆಗಳ ಮಾತುಕತೆ ನಡೆದಿತ್ತು, ತರಬೇತಾದವರು ಇಡೀ ದಿನ ಪಕ್ಕದಲ್ಲೇ ಕುಳಿತಿದ್ದರು, ವಸ್ತುವಿನ ಶುದ್ಧತೆ ಮತ್ತು ಪ್ರಮಾಣ ಖಚಿತವಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಮನೋವಿಕಲತೆಯ ಕೌಟುಂಬಿಕ ಹಿನ್ನೆಲೆ ಇದ್ದವರನ್ನು ಮೊದಲೇ ಹೊರಗಿಡಲಾಗಿತ್ತು.

ಧ್ಯಾನ ಮತ್ತು ಸಿಲೋಸೈಬಿನ್ ಎರಡನ್ನೂ ಒಟ್ಟಿಗೆ ಪರಿಶೀಲಿಸಿದ ಅಧ್ಯಯನಗಳೂ ಇವೆ. ಜ್ಯೂರಿಕ್‌ನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದು ದಿನಗಳ ಧ್ಯಾನ ಶಿಬಿರದ ನಡುವೆ ಇದನ್ನು ನೀಡಲಾಗಿತ್ತು. ಭಾಗವಹಿಸಿದವರು ಆರೋಗ್ಯವಂತರು, ಜೊತೆಗೆ ಧ್ಯಾನದಲ್ಲಿ ಪಳಗಿದವರು.

ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಔಷಧಿಗೆ ಬಗ್ಗದ ಖಿನ್ನತೆಯುಳ್ಳ 233 ಮಂದಿ ಅದರಲ್ಲಿದ್ದರು. ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಶೇ. 37ರಷ್ಟು ಜನರಿಗೆ ಮೂರು ವಾರಗಳಲ್ಲಿ ಗಣನೀಯ ಸುಧಾರಣೆ ಕಂಡುಬಂತು. ಹನ್ನೆರಡು ವಾರಗಳವರೆಗೆ ಅದು ಉಳಿದದ್ದು ಶೇ. 20ರಷ್ಟು ಜನರಲ್ಲಿ. ಆತ್ಮಹತ್ಯೆಯ ಯೋಚನೆ ಅಥವಾ ಸ್ವಯಂ ಹಾನಿಯ ಘಟನೆಗಳು ಎಲ್ಲ ಗುಂಪುಗಳಲ್ಲೂ ವರದಿಯಾದವು. ಇಲ್ಲಿಯೂ ಹಳೆಯ ಮಾತ್ರೆಗಳನ್ನು ನಿಲ್ಲಿಸಿದ್ದು ವೈದ್ಯರ ನಿಗಾದಲ್ಲಿ.

ಒಟ್ಟಾರೆ ಹೇಳುವುದಾದರೆ, ಪತ್ರಿಕೆಗಳಲ್ಲಿ ಬಂದ ಒಳ್ಳೆಯ ಫಲಿತಾಂಶ ಕೇವಲ ವಸ್ತುವಿನ ಫಲವಲ್ಲ. ಆಯ್ಕೆ, ಸಿದ್ಧತೆ, ನಿಗಾ ಮೂರೂ ಸೇರಿದ ಫಲ. ಮಾತ್ರೆ ನುಂಗುತ್ತಿರುವ, ರಕ್ತದೊತ್ತಡವಿರುವ ನಮ್ಮ ಉದ್ಯೋಗಿ ಜಾನ್ಸ್ ಹಾಪ್ಕಿನ್ಸ್‌ನ ಆ ಮೂವತ್ತಾರು ಮಂದಿಯ ಪಟ್ಟಿಯಲ್ಲಿ ಇರುತ್ತಲೇ ಇರಲಿಲ್ಲ.

ಯಾರಿಗೆ ಅಪಾಯ ಹೆಚ್ಚು?

ಸ್ವತಃ ಅಥವಾ ರಕ್ತಸಂಬಂಧಿಗಳಲ್ಲಿ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಕಾಯಿಲೆಯ ಇತಿಹಾಸವಿದ್ದವರಿಗೆ ಈ ವಸ್ತುಗಳಿಂದ ಕಾಯಿಲೆ ಕೆರಳುವ ಭೀತಿ ಇದೆ. ನಮ್ಮ ಮನೆಗಳಲ್ಲಿ ಇಂತಹ ಸಂಗತಿಗಳನ್ನು ಮಕ್ಕಳಿಗೂ ಹೇಳದೆ ಮುಚ್ಚಿಡುವುದು ವಾಡಿಕೆ. ದೊಡ್ಡಪ್ಪ ಮನೆ ಬಿಟ್ಟು ಹೋದರು, ಅತ್ತೆಗೆ ಗಾಳಿ ಸೋಕಿತ್ತು ಎಂಬ ಮಾತುಗಳ ಹಿಂದೆ ಇರುವ ನಿಜವನ್ನು ಹಿರಿಯರಲ್ಲಿ ಕೇಳಿ ತಿಳಿಯುವುದು ಲೇಸು.

ಬೈಪೋಲಾರ್ ಕಾಯಿಲೆಗೆ ಲಿಥಿಯಂ ಸೇವಿಸುವವರಿಗೆ ಅಪಾಯ ಇನ್ನೂ ತೀವ್ರ. ಲಿಥಿಯಂ ಜೊತೆ ಇಂತಹ ವಸ್ತು ಸೇವಿಸಿದವರು ತಾವೇ ಬರೆದುಕೊಂಡ 62 ವಿವರಗಳನ್ನು ಸಂಶೋಧಕರು 2021ರಲ್ಲಿ ವಿಶ್ಲೇಷಿಸಿದರು. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಅಪಸ್ಮಾರದಂತಹ ಸೆಳವಿನ ಪ್ರಸ್ತಾಪವಿತ್ತು.

ದಕ್ಷಿಣ ಅಮೆರಿಕದ ಬುಡಕಟ್ಟುಗಳ ಅಯವಾಸ್ಕ ಎಂಬ ಕಷಾಯದ ಸಂಗತಿ ಬೇರೆ. ಅದರಲ್ಲಿರುವ ಬಳ್ಳಿಯ ಅಂಶವು ದೇಹದ ಒಂದು ಕಿಣ್ವವನ್ನು ತಡೆಹಿಡಿಯುತ್ತದೆ. ಎಸ್‌ಎಸ್‌ಆರ್‌ಐ ಎಂಬ ಗುಂಪಿನ ಖಿನ್ನತೆಯ ಮಾತ್ರೆ, ಟ್ರಮಡಾಲ್ ಎಂಬ ನೋವಿನ ಮಾತ್ರೆ, ಕೆಲವು ಕೆಮ್ಮಿನ ಸಿರಪ್‌ಗಳಲ್ಲಿರುವ ಡೆಕ್ಸ್ಟ್ರೊಮೆಥಾರ್ಫಾನ್ ಇವುಗಳೊಂದಿಗೆ ಸೇರಿದಾಗ ದೇಹದಲ್ಲಿ ಸೆರಟೋನಿನ್ ವಿಪರೀತಕ್ಕೇರಿ ಜ್ವರ, ನಡುಕ, ಸ್ನಾಯುಗಳ ಬಿಗಿತ ಉಂಟಾಗಿ ಪ್ರಾಣಕ್ಕೂ ಕುತ್ತು ಬರಬಹುದು.

ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಪರಿಹಾರವಲ್ಲ. ಖಿನ್ನತೆಯ ಔಷಧಿಯನ್ನು ಥಟ್ಟನೆ ಬಿಟ್ಟರೆ ತಲೆಸುತ್ತು, ನಿದ್ರಾಹೀನತೆ, ಕಿರಿಕಿರಿ ಕಾಣಿಸಿಕೊಳ್ಳುತ್ತವೆ. ಮೂಲ ಕಾಯಿಲೆ ಮರುಕಳಿಸಲೂಬಹುದು. ಇನ್ನು ಈ ವಸ್ತುಗಳು ರಕ್ತದೊತ್ತಡ ಮತ್ತು ಹೃದಯ ಬಡಿತವನ್ನು ಏರಿಸುವುದರಿಂದ, ಹತೋಟಿಯಲ್ಲಿಲ್ಲದ ರಕ್ತದೊತ್ತಡ ಅಥವಾ ಹೃದ್ರೋಗ ಇರುವವರನ್ನು ಅಧ್ಯಯನಗಳಲ್ಲಿ ಸೇರಿಸಿಕೊಳ್ಳುವುದಿಲ್ಲ. ಕಳ್ಳದಾರಿಯಲ್ಲಿ ಸಿಗುವ ವಸ್ತು ಹೇಳಿದ ಹೆಸರಿನದೇ ಎಂಬುದಕ್ಕಂತೂ ಯಾವ ಖಾತರಿಯೂ ಇಲ್ಲ.

ಕಾನೂನು ಏನು ಹೇಳುತ್ತದೆ?

ಎಲ್‌ಎಸ್‌ಡಿ, ಸಿಲೋಸೈಬಿನ್ ಮತ್ತು ಅಯವಾಸ್ಕದಲ್ಲಿರುವ ಡಿಎಂಟಿ ಮೂರೂ 1985ರ ಮಾದಕ ದ್ರವ್ಯ ಹಾಗೂ ಮನೋಪ್ರಭಾವಿ ವಸ್ತುಗಳ ಕಾಯ್ದೆಯ ಪಟ್ಟಿಯಲ್ಲಿವೆ. ಎಲ್‌ಎಸ್‌ಡಿಯ ವಿಷಯದಲ್ಲಿ 2 ಮಿಲಿಗ್ರಾಂವರೆಗಿನದು ಅಲ್ಪ ಪ್ರಮಾಣ. ಕಣ್ಣಿಗೆ ಕಾಣುವಂತೆ ಹೇಳುವುದಾದರೆ ಸಕ್ಕರೆಯ ಕೆಲವೇ ಹರಳುಗಳಷ್ಟು. 0.1 ಗ್ರಾಂ ಮೀರಿದರೆ ಅದು ವಾಣಿಜ್ಯ ಪ್ರಮಾಣ; ಅದಕ್ಕೆ ಕನಿಷ್ಠ 10 ವರ್ಷ ಕಠಿಣ ಶಿಕ್ಷೆ. ವೈದ್ಯಕೀಯ ಹಾಗೂ ವೈಜ್ಞಾನಿಕ ಉದ್ದೇಶಗಳಿಗೆ ನಿಯಮಾನುಸಾರ ಅವಕಾಶವಿದೆಯೇ ಹೊರತು ಆಧ್ಯಾತ್ಮಿಕ ಉದ್ದೇಶವೆಂಬ ವಿನಾಯಿತಿ ಕಾಯ್ದೆಯಲ್ಲಿಲ್ಲ.

ಅಣಬೆಯನ್ನು ಸಿಲೋಸೈಬಿನ್‌ನ ಮಿಶ್ರಣವೆಂದು ಪರಿಗಣಿಸಲಾಗದು ಎಂದು ಕೇರಳ ಹೈಕೋರ್ಟ್ 2025ರ ಜನವರಿಯಲ್ಲಿ ಜಾಮೀನು ಪ್ರಕರಣವೊಂದರಲ್ಲಿ ಅಭಿಪ್ರಾಯಪಟ್ಟಿತು. ಇದನ್ನು ಅಣಬೆ ಸೇವನೆಗೆ ದೊರೆತ ಪರವಾನಗಿ ಎಂದು ಬಗೆಯುವುದು ತಪ್ಪು. ಅಲ್ಲಿನ ಪ್ರಶ್ನೆ ಇದ್ದದ್ದು ತೂಕವನ್ನು ಲೆಕ್ಕ ಹಾಕುವ ಬಗೆಯ ಕುರಿತು. ಸಿಲೋಸೈಬಿನ್ ಪಟ್ಟಿಯಿಂದ ಹೊರಬಂದಿಲ್ಲ. ಆಸ್ಟ್ರೇಲಿಯಾದಲ್ಲಿ 2023ರ ಜುಲೈ 1ರಿಂದ ಅನುಮತಿ ಪಡೆದ ಮನೋವೈದ್ಯರು ಔಷಧಿಗೆ ಬಗ್ಗದ ಖಿನ್ನತೆಗೆ ಇದನ್ನು ಬರೆದುಕೊಡಬಹುದು. ಅದು ಆ ದೇಶದ ಕಾನೂನು, ಇಲ್ಲಿಯದಲ್ಲ.

ಧ್ಯಾನಕ್ಕೂ ಎಚ್ಚರ ಬೇಕು

ಹಾಗಾದರೆ ಧ್ಯಾನವೊಂದೇ ಸಾಕಲ್ಲವೇ ಎಂದು ಕೇಳಬಹುದು. ಬಹುಪಾಲು ಜನರಿಗೆ ದಿನಕ್ಕೆ ಹದಿನೈದು, ಇಪ್ಪತ್ತು ನಿಮಿಷಗಳ ಸರಳ ಧ್ಯಾನ ಸುರಕ್ಷಿತ. ಆದರೆ ದೀರ್ಘ ಶಿಬಿರಗಳ ಮಾತು ಬೇರೆ. ಗೋಯೆಂಕಾ ಪರಂಪರೆಯ ಹತ್ತು ದಿನಗಳ ವಿಪಶ್ಯನ ಶಿಬಿರದಲ್ಲಿ ಬೆಳಗಿನ ನಾಲ್ಕಕ್ಕೆ ಎದ್ದು ದಿನಕ್ಕೆ ಸುಮಾರು ಹತ್ತು ಗಂಟೆ ಧ್ಯಾನ ಮಾಡಬೇಕು. ಮೌನ ಕಡ್ಡಾಯ, ರಾತ್ರಿ ಪೂರ್ಣ ಊಟವಿಲ್ಲ. ತುಮಕೂರು ರಸ್ತೆಯ ಆಲೂರು ಬಳಿಯ ಧಮ್ಮ ಪಫುಲ್ಲ ಈ ಪರಂಪರೆಯ ಬೆಂಗಳೂರು ಕೇಂದ್ರ. ಇಲ್ಲಿನ ಶಿಬಿರಗಳು ಸೇರಿದಂತೆ ಈ ಪರಂಪರೆಯ ಅರ್ಜಿಯಲ್ಲಿ ದೈಹಿಕ, ಮಾನಸಿಕ ಕಾಯಿಲೆಗಳ ಬಗ್ಗೆ ಪ್ರಶ್ನೆಗಳಿವೆ. ಸೀಟು ಸಿಗಲೆಂದು ಅವನ್ನು ಖಾಲಿ ಬಿಡುವುದು ತನ್ನನ್ನೇ ವಂಚಿಸಿಕೊಂಡಂತೆ. ಮಧುಮೇಹಕ್ಕೆ ಇನ್ಸುಲಿನ್ ಪಡೆಯುವವರು ಊಟದ ಹೊತ್ತು ಬದಲಾಗುವುದನ್ನು ವೈದ್ಯರೊಡನೆ ಮೊದಲೇ ಚರ್ಚಿಸಬೇಕು.

ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 60 ಮಂದಿ ಸಾಧಕರನ್ನು ಸಂದರ್ಶಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವು, ತೀವ್ರ ಧ್ಯಾನದಲ್ಲಿ ಭಯ, ನಿದ್ರಾನಾಶ, ತಾನು ತಾನಲ್ಲ ಎಂಬ ಭಾವನೆ ಕೆಲವರಿಗೆ ಎದುರಾಗುವುದನ್ನು ದಾಖಲಿಸಿದೆ. ಇದನ್ನೆಲ್ಲ ಜಾಗೃತಿಯ ಲಕ್ಷಣವೆಂದು ಬಗೆದು ಸುಮ್ಮನಿರಲಾಗದು. ಎರಡು ಮೂರು ರಾತ್ರಿ ನಿದ್ರೆಯೇ ಇಲ್ಲದಿದ್ದರೆ, ತನಗೆ ವಿಶೇಷ ಆದೇಶ ಬರುತ್ತಿದೆ ಎಂಬ ನಂಬಿಕೆ ಮೂಡಿದರೆ, ಸಾಯುವ ಯೋಚನೆ ಸುಳಿದರೆ ಸಾಧನೆಯನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ನಿಮ್ಹಾನ್ಸ್ ನೀಡಿದ ಪಾಠ

ಧ್ಯಾನ, ಉಸಿರಾಟಗಳನ್ನು ವೈದ್ಯಕೀಯದ ವಿರೋಧಿ ಎಂದು ನೋಡಬೇಕಿಲ್ಲ ಎಂಬುದಕ್ಕೆ ಬೆಂಗಳೂರಿನಲ್ಲಿಯೇ ಸಾಕ್ಷಿ ಇದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತೀವ್ರ ಖಿನ್ನತೆಯಿಂದ ದಾಖಲಾಗಿದ್ದ 45 ಮಂದಿಯನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ವಿದ್ಯುತ್ ಚಿಕಿತ್ಸೆ, ಇನ್ನೊಂದಕ್ಕೆ ಇಮಿಪ್ರಮಿನ್ ಮಾತ್ರೆ, ಮತ್ತೊಂದಕ್ಕೆ ಸುದರ್ಶನ ಕ್ರಿಯಾ ಎಂಬ ಉಸಿರಾಟದ ಅಭ್ಯಾಸ. ನಾಲ್ಕು ವಾರಗಳ ಕೊನೆಯಲ್ಲಿ ಕಾಯಿಲೆ ಶಮನಗೊಂಡವರ ಪ್ರಮಾಣ ಕ್ರಮವಾಗಿ ಶೇ. 93, ಶೇ. 73 ಮತ್ತು ಶೇ. 67.

ಈ ಅಂಕಿಗಳು ಎರಡು ಮಾತು ಹೇಳುತ್ತವೆ. ಉಸಿರಾಟದ ಅಭ್ಯಾಸದಿಂದ ಮಾತ್ರೆಯ ಸನಿಹಕ್ಕೆ ಬರುವಷ್ಟು ಪ್ರಯೋಜನ ಕಂಡಿತು. ಅದೇ ವೇಳೆ, ತೀವ್ರ ಕಾಯಿಲೆಯಲ್ಲಿ ವಿದ್ಯುತ್ ಚಿಕಿತ್ಸೆ ಅದನ್ನು ಮೀರಿಸಿತು. ಅಧ್ಯಯನ ಚಿಕ್ಕದು, ಆದರೆ ಅಲ್ಲಿದ್ದವರೆಲ್ಲ ಆಸ್ಪತ್ರೆಯ ಹಾಸಿಗೆಯಲ್ಲಿ, ವೈದ್ಯರ ಕಣ್ಣಳತೆಯಲ್ಲಿ ಇದ್ದರು ಎಂಬುದನ್ನು ಮರೆಯಲಾಗದು.

ಹೇಳಿಕೊಳ್ಳುವುದು ಹೇಗೆ?

ಇಂತಹ ವಸ್ತು ಸೇವಿಸಿದ್ದನ್ನು ವೈದ್ಯರಿಗೆ ಹೇಳಿದರೆ ಸುದ್ದಿ ಪೊಲೀಸರಿಗೋ ಮನೆಯವರಿಗೋ ಕಚೇರಿಗೋ ಮುಟ್ಟೀತೆಂಬ ಅಂಜಿಕೆ ಅನೇಕರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆ ಪಡೆಯುವವರಿಗೆ ಗೋಪ್ಯತೆಯ ಹಕ್ಕನ್ನು ನೀಡಿದೆ. ಅದಕ್ಕೆ ಅಪವಾದಗಳು ಸೀಮಿತ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಉಂಟಾದ ಮಾನಸಿಕ ತೊಂದರೆಯೂ ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಆದ್ದರಿಂದ ಏನನ್ನು, ಯಾವಾಗ ಸೇವಿಸಿದ್ದೆಂದು ವೈದ್ಯರಿಗೆ ನೇರವಾಗಿ ಹೇಳುವುದೇ ಸರಿ. ಚಿಕಿತ್ಸೆಯ ದಾರಿ ಆ ಉತ್ತರವನ್ನೇ ಅವಲಂಬಿಸಿರುತ್ತದೆ.

ನಮ್ಮ ಉದ್ಯೋಗಿಯ ಪ್ರಶ್ನೆಗೆ ಈಗ ಉತ್ತರ ಕಷ್ಟವಲ್ಲ. ಗೆಳೆಯರ ಗುಟ್ಟಿನ ಶಿಬಿರಕ್ಕೆ ಬೇಡವೆನ್ನುವುದು, ಮಾತ್ರೆಯನ್ನು ಮುಂದುವರಿಸುವುದು, ಧ್ಯಾನ ಕಲಿಯುವ ಆಸೆಯನ್ನು ಚಿಕಿತ್ಸೆ ನೀಡುತ್ತಿರುವ ವೈದ್ಯರ ಮುಂದಿಟ್ಟು ಚಿಕ್ಕದಾಗಿ ಆರಂಭಿಸುವುದು. ಕಾಯಿಲೆಯ ನಡುವೆಯೂ ಅಧ್ಯಾತ್ಮದ ಹಂಬಲ ಇರಬಾರದೆಂದೇನಿಲ್ಲ. ಆ ಹಂಬಲಕ್ಕಾಗಿ ಕಾಯಿಲೆಯನ್ನು ಮುಚ್ಚಿಡಬಾರದು ಅಷ್ಟೇ.

ಮನಸ್ಸಿನ ತೊಂದರೆಗೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಲಭ್ಯ, ಕನ್ನಡದಲ್ಲಿ ಮಾತನಾಡಬಹುದು. ಯಾವುದೇ ವಸ್ತು ಸೇವಿಸಿದ ಬಳಿಕ ಸೆಳವು, ವಿಪರೀತ ಜ್ವರ, ಎದೆನೋವು ಅಥವಾ ಪ್ರಜ್ಞಾಹೀನತೆ ಕಂಡುಬಂದಲ್ಲಿ ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು.