ಬಂಕಿನ ಹುಡುಗನ ಲೆಕ್ಕ

ಅಡಿಕೆ ಧಾರಣೆ ಕುಸಿದ ವರ್ಷ, ಕಾಫಿ ಫಸಲು ಕೈಕೊಟ್ಟ ವರ್ಷ, ಸಣ್ಣ ಹಿಡುವಳಿಯ ಮನೆಗಳಿಂದ ಹುಡುಗರು ಬೆಂಗಳೂರಿನ ಕಡೆ ಹೊರಡುವುದು ಬೆಳೆಗಾರ ಬಂಧುಗಳಿಗೆ ಹೊಸದಲ್ಲ. ಹಾಸನದ ರಸ್ತೆಯೂ ತುಮಕೂರಿನ ರಸ್ತೆಯೂ ಕೂಡುವ ನೆಲಮಂಗಲದ ಸುತ್ತಿನ ಪೆಟ್ರೋಲ್ ಬಂಕುಗಳಲ್ಲಿ ಹೆಚ್ಚು ಓದದವನಿಗೂ ಕೆಲಸ ಸಿಗುವುದುಂಟು. ಹೆಗಲಿಗೆ ಹಣದ ಚೀಲ, ಕೈಯಲ್ಲಿ ನಾಸಲ್. ಆದರೆ ಚೀಲದಲ್ಲಿ ಕಡಿಮೆ ಬಿದ್ದ ಹಣವನ್ನು ಸಂಬಳದಲ್ಲಿ ಮುರಿದುಕೊಳ್ಳುವ ಪರಿಪಾಠವಿದೆಯೆಂಬುದು ಮೊದಲ ತಿಂಗಳು ಕಳೆದ ಮೇಲೆಯೇ ಮನೆಯವರಿಗೆ ತಿಳಿಯುವುದು. ಆದ್ದರಿಂದ ಈ ಲೆಕ್ಕವನ್ನು ಬಿಡಿಸಿ ಹೇಳಬಯಸುತ್ತೇವೆ.

ಪಂಪಿನ ಮೀಟರು ಒಟ್ಟು ಮಾರಾಟವನ್ನು ಕೂಡಿಸುತ್ತಲೇ ಹೋಗುತ್ತದೆ. ಪಾಳಿ ಹಿಡಿಯುವಾಗ ರೀಡಿಂಗ್ 45,210, ಬಿಡುವಾಗ 45,830 ಇತ್ತೆನ್ನೋಣ. ಹೋದದ್ದು 620 ಲೀಟರು. ಬೆಳಿಗ್ಗೆ ಅಳತೆ ಪರೀಕ್ಷೆಗೆಂದು ಹಿಡಿದ 5 ಲೀಟರು ಮತ್ತೆ ಟ್ಯಾಂಕಿಗೇ ಸೇರುತ್ತದೆ, ಉಳಿದದ್ದು 615. ಲೆಕ್ಕಕ್ಕೆ ಸುಲಭವಾಗಲೆಂದು ಲೀಟರಿಗೆ ರೂ. 100 ಹಿಡಿದರೆ ಹುಡುಗ ಒಪ್ಪಿಸಬೇಕಾದದ್ದು ರೂ. 61,500. ಫೋನಿನಲ್ಲಿ ಬಂದ ಹಣ, ಕಾರ್ಡು, ಲಾರಿ ಮಾಲೀಕರ ಸಾಲದ ಚೀಟಿ, ನಗದು ಎಲ್ಲ ಸೇರಿ ಅಷ್ಟಾಗಬೇಕು. ಪರೀಕ್ಷೆಯ 5 ಲೀಟರನ್ನು ಕಳೆಯಲು ಮರೆತರೆ, ಕದಿಯದ ರೂ. 500 ಅವನ ತಲೆಯ ಮೇಲೆ.

2017ರ ಜೂನ್ 16ರಿಂದ ದರ ದಿನವೂ ಬೆಳಿಗ್ಗೆ 6ಕ್ಕೆ ಬದಲಾಗಬಹುದೆಂಬ ಏರ್ಪಾಡಾಯಿತು. ರಾತ್ರಿ ಪಾಳಿಯವನು ದರ ಬದಲಾದ ದಿನ 6ಕ್ಕೆ ಸರಿಯಾಗಿ ಇನ್ನೊಂದು ರೀಡಿಂಗ್ ಬರೆದುಕೊಳ್ಳದಿದ್ದರೆ, ಹಳೆಯ ದರದಲ್ಲಿ ಮಾರಿದ್ದಕ್ಕೆ ಹೊಸ ದರದ ಲೆಕ್ಕ ಬೀಳುತ್ತದೆ.

ನೋಟಿನ ಕಷ್ಟ ಬೇರೆ. 2016ರ ನವೆಂಬರ್ 8ರಂದು ನೋಟು ರದ್ದಾದ ಮೇಲೂ ಬಂಕಿನಲ್ಲಿ ಹಳೆಯ 500ರ ನೋಟು ಡಿಸೆಂಬರ್ 2ರವರೆಗೆ ನಡೆಯಿತು. ಐವತ್ತು ರೂಪಾಯಿ ಪೆಟ್ರೋಲಿಗೆ ಐನೂರು ಚಾಚಿದವರಲ್ಲಿ ನಾವೂ ಇದ್ದೆವು, ಒಪ್ಪಿಕೊಳ್ಳುತ್ತೇವೆ. ಆ ಗದ್ದಲದಲ್ಲಿ ಚಿಲ್ಲರೆ ಹೊಂದಿಸಬೇಕಾದವನು ಚೀಲ ಹೊತ್ತ ಹುಡುಗ.

ಕಾನೂನು ಏನೆನ್ನುತ್ತದೆ? 1936ರ ವೇತನ ಪಾವತಿ ಕಾಯಿದೆಯಲ್ಲಿದ್ದ ರಕ್ಷಣೆ 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಇದೆ. ಹಣ ಕಡಿಮೆ ಬಿದ್ದದ್ದು ಅವನ ಅಲಕ್ಷ್ಯದಿಂದಲೇ ಆಗಿದ್ದರೆ ಮಾತ್ರ ಮುರಿದುಕೊಳ್ಳಬಹುದು. ಅದೂ ಅವನ ಸಮಜಾಯಿಷಿ ಕೇಳಿದ ಮೇಲೆ, ಆದ ನಷ್ಟಕ್ಕಿಂತ ಹೆಚ್ಚಿಲ್ಲದಂತೆ. ಎಲ್ಲ ಕಡಿತಗಳೂ ಸೇರಿ ಆ ಅವಧಿಯ ಸಂಬಳದ ಅರ್ಧವನ್ನು ಮೀರಕೂಡದು.

ಬಂಕಿನ ಕಚೇರಿಯಲ್ಲಿ ಹೊಸ ಹುಡುಗ ಇದನ್ನೆಲ್ಲ ವಾದಿಸುವುದು ಕಷ್ಟವೆಂದು ನಾವು ಬಲ್ಲೆವು. ಬರಹದಲ್ಲಿದ್ದರೆ ಮಾತಿಗೆ ಬಲ ಬರುತ್ತದೆ. ಮಗನನ್ನು ಕಳುಹಿಸುವಾಗ ಬಟ್ಟೆಯ ಜೊತೆಗೆ ಒಂದು ಸಣ್ಣ ಪುಸ್ತಕವನ್ನೂ ಪೆನ್ನನ್ನೂ ಇಡಿ. ಹಿಡಿದಾಗಿನ ರೀಡಿಂಗ್, ಬಿಟ್ಟಾಗಿನ ರೀಡಿಂಗ್, ಪರೀಕ್ಷೆಯ ಲೀಟರು, ಒಪ್ಪಿಸಿದ ಹಣ, ಎಣಿಸಿಕೊಂಡವರ ಸಹಿ, ಇಷ್ಟನ್ನು ಅವನು ದಿನವೂ ಬರೆದಿಡಲಿ. ಪಂಪಿನ ಪಕ್ಕದಲ್ಲಿ ನಿಂತು ಬರೆದರೆ ಎರಡು ನಿಮಿಷದ ಕೆಲಸ.