ಕಾಡು, ಮಗು, ಪ್ರಾಣಿ: ಸಿನಿಮಾ ಹೇಳದೆ ಬಿಟ್ಟ ಮಾತುಗಳು

ಕಾಡು, ಮಗು, ಜೊತೆಗೊಂದು ಪ್ರಾಣಿ. ಮನೆಮಂದಿಯೆಲ್ಲ ಕೂತು ನೋಡುವ ಸಿನಿಮಾಕ್ಕೆ ಇಷ್ಟು ಸಾಕು ಎಂಬುದನ್ನು ಮದರಾಸಿನ ನಿರ್ಮಾಪಕರು ಚೆನ್ನಾಗಿ ಬಲ್ಲವರಾಗಿದ್ದರು. ಸ್ಯಾಂಡೋ ಚಿನ್ನಪ್ಪ ದೇವರ್ ಅವರ ದೇವರ್ ಫಿಲಂಸ್ 1971ರಲ್ಲಿ ‘ಹಾಥಿ ಮೇರೆ ಸಾಥಿ’ ತೆಗೆದು ದೇಶವನ್ನೇ ಅಳಿಸಿ ನಗಿಸಿತು. ಪ್ರಾಣಿಗಳ ಪರವಾಗಿ ಮೊದಲು ದನಿ ಎತ್ತಿದವರಲ್ಲೂ ಮದರಾಸಿನವರಿದ್ದರು. ರುಕ್ಮಿಣಿ ದೇವಿ ಅರುಂಡೇಲ್ 1953ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯೇ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಗೆ ದಾರಿಯಾಯಿತು. ಇಷ್ಟಾದರೂ ಇಂಥ ಚಿತ್ರಗಳು ನಮ್ಮ ಮನಸ್ಸಿನಲ್ಲಿ ಬಿಟ್ಟುಹೋದ ತಪ್ಪು ತಿಳಿವಳಿಕೆಗಳು ಇನ್ನೂ ಅಳಿದಿಲ್ಲ.

ತಪ್ಪು ಕಲ್ಪನೆ 1: ಪಳಗಿದ ಆನೆ ಮನೆಯ ಹಸುವಿದ್ದಂತೆ, ಮಗುವಿಗೆ ಭಯವಿಲ್ಲ.
ವಾಸ್ತವ: ‘ಹಾಥಿ ಮೇರೆ ಸಾಥಿ’ಯಲ್ಲಿ ಆನೆಯಿಂದ ಕೂಸಿಗೆ ಏನಾದೀತೋ ಎಂದು ತಾಯಿ ಹೆದರುತ್ತಾಳೆ. ಕಥೆ ಅವಳ ಭಯವನ್ನು ತಪ್ಪೆಂದು ತೋರಿಸುತ್ತದೆ. ಬದುಕಿನಲ್ಲಿ ಆ ತಾಯಿಯೇ ಸರಿ. ಹಸು, ನಾಯಿಗಳನ್ನು ಮನುಷ್ಯ ಸಾವಿರಾರು ವರ್ಷ ತಲೆಮಾರಿನಿಂದ ತಲೆಮಾರಿಗೆ ಆರಿಸಿ ಬೆಳೆಸಿದ್ದಾನೆ. ಆನೆಯ ವಿಷಯದಲ್ಲಿ ಹಾಗಾಗಿಲ್ಲ. ಒಂದೊಂದು ಆನೆಯನ್ನೂ ಹೊಸದಾಗಿಯೇ ಪಳಗಿಸಬೇಕು. ಮದವೇರಿದ ಗಂಡಾನೆ ವರ್ಷಗಳಿಂದ ಅನ್ನ ಹಾಕಿದ ಮಾವುತನ ಮಾತನ್ನೂ ಕೇಳದಿರಬಹುದು.

ತಪ್ಪು ಕಲ್ಪನೆ 2: ಧೈರ್ಯವೊಂದಿದ್ದರೆ ಯಾವ ಮಗುವಾದರೂ ಆನೆ ಏರಬಲ್ಲದು.
ವಾಸ್ತವ: ಈ ನಂಬಿಕೆಗೆ ಜಗತ್ತು ಕಂಡ ದೊಡ್ಡ ಸಾಕ್ಷಿ ನಮ್ಮ ಮೈಸೂರು ಸೀಮೆಯ ಸಾಬು. ಕಿಪ್ಲಿಂಗ್ ಕಥೆ ಆಧರಿಸಿ ರಾಬರ್ಟ್ ಫ್ಲಾಹರ್ಟಿ ಮತ್ತು ಜೋಲ್ಟನ್ ಕೊರ್ಡಾ ನಿರ್ದೇಶಿಸಿದ ‘ಎಲಿಫೆಂಟ್ ಬಾಯ್’ (1937) ಚಿತ್ರದ ಹುಡುಗ ಅವನು. ಆದರೆ ಕಾರಾಪುರದ ಸಾಬು ಮಾವುತನ ಮಗ, ಆನೆ ಲಾಯದ ನಡುವೆಯೇ ಬೆಳೆದವನು. ತೆರೆಯ ಮೇಲೆ ಕಂಡದ್ದು ಬಾಲ್ಯವಿಡೀ ಕಲಿತ ಕಸುಬು.

ತಪ್ಪು ಕಲ್ಪನೆ 3: ದುಡ್ಡು ಸುರಿದರೆ ಹುಲಿಮರಿಯನ್ನೂ ಶೂಟಿಂಗಿಗೆ ತರಬಹುದು.
ವಾಸ್ತವ: ಹುಲಿ, ಸಿಂಹ, ಚಿರತೆ, ಕರಡಿ, ಕೋತಿಗಳನ್ನು ಪ್ರದರ್ಶನಕ್ಕೆ ಪಳಗಿಸುವುದನ್ನೂ ಬಳಸುವುದನ್ನೂ 1998ರ ಅಧಿಸೂಚನೆ ನಿಷೇಧಿಸಿದೆ. ಉಳಿದ ಪ್ರಾಣಿಗಳನ್ನು ಬಳಸಲು 2001ರ ನಿಯಮಗಳಂತೆ ಪ್ರಾಣಿ ಕಲ್ಯಾಣ ಮಂಡಳಿಯ ಒಪ್ಪಿಗೆ ಬೇಕು. 1962ರಲ್ಲಿ ರುಕ್ಮಿಣಿ ದೇವಿಯವರ ಮುಂದಾಳತ್ವದಲ್ಲಿ ಹುಟ್ಟಿದ ಈ ಮಂಡಳಿಯ ಕೇಂದ್ರ ಕಚೇರಿ 2018ರವರೆಗೂ ಚೆನ್ನೈನಲ್ಲೇ ಇತ್ತು.

ತಪ್ಪು ಕಲ್ಪನೆ 4: ಮಕ್ಕಳಿಗೆ ಶೂಟಿಂಗ್ ಎಂದರೆ ಆಟ.
ವಾಸ್ತವ: ಅದು ದುಡಿಮೆ, ಕಾನೂನು ಅದನ್ನು ಹಾಗೆಯೇ ಕಾಣುತ್ತದೆ. 2017ರ ನಿಯಮಗಳ ಪ್ರಕಾರ ಬಾಲನಟರನ್ನು ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಬಿಡುವಿಲ್ಲದೆ 3 ಗಂಟೆ ಮೀರುವಂತಿಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಸಂಭಾವನೆಯಲ್ಲಿ ಕನಿಷ್ಠ ಶೇ 20ರಷ್ಟನ್ನು ಮಗುವಿನ ಹೆಸರಿನಲ್ಲೇ ಠೇವಣಿ ಇಡಬೇಕು.

ತಪ್ಪು ಕಲ್ಪನೆ 5: ನಿಜವಾದ ಪ್ರಾಣಿ ಇಲ್ಲದಿದ್ದರೆ ಚಿತ್ರಕ್ಕೆ ಜೀವ ಬಾರದು.
ವಾಸ್ತವ: 2016ರ ‘ದಿ ಜಂಗಲ್ ಬುಕ್’ ಚಿತ್ರದ ಕಾಡು ಇದ್ದದ್ದು ಲಾಸ್ ಏಂಜಲೀಸ್‌ನ ಸ್ಟುಡಿಯೊ ಒಳಗೆ. ಬಾಲನಟ ನೀಲ್ ಸೇಠಿ ನೀಲಿ ಪರದೆಯ ಮುಂದೆ ಗೊಂಬೆಗಳ ಮುಖ ನೋಡಿ ಮಾತಾಡಿದ, ಬಲೂ ಕರಡಿಯೂ ಬಘೀರನೂ ಆಮೇಲೆ ಕಂಪ್ಯೂಟರಿನಲ್ಲಿ ಹುಟ್ಟಿಕೊಂಡರು. ನೋಡಿದ ಮಕ್ಕಳ ಕಣ್ಣಿನ ಬೆರಗು ಕಡಿಮೆಯಾಗಲಿಲ್ಲ. ಒಂದು ಕರಡಿಯೂ ಸರಪಳಿ ಕಾಣಲಿಲ್ಲ.

ತಪ್ಪು ಕಲ್ಪನೆ 6: ಒಂಟಿ ಮರಿ ಕಂಡರೆ ಮನೆಗೆ ತಂದು ಸಾಕುವುದೇ ಕರುಣೆ.
ವಾಸ್ತವ: ಮಕ್ಕಳ ಸಾಹಸ ಚಿತ್ರಗಳು ಕಲಿಸುವ ಅತಿ ಅಪಾಯದ ಪಾಠ ಇದು. ಚೆನ್ನೈನ ಗಿಂಡಿ ರಾಷ್ಟ್ರೀಯ ಉದ್ಯಾನದ ಚುಕ್ಕೆ ಜಿಂಕೆಯನ್ನೇ ನೋಡಿ. ತಾಯಿ ಮೇಯಲು ಹೋಗುವಾಗ ಎಳೆಮರಿಯನ್ನು ಪೊದೆಯಲ್ಲಿ ಅಡಗಿಸಿ ಹೋಗುತ್ತದೆ. ಮರಿ ಅಲುಗಾಡದೆ ಮುದುಡಿ ಮಲಗಿರುತ್ತದೆ. ಅದನ್ನು ಅನಾಥ ಎಂದುಕೊಂಡು ಎತ್ತಿ ತಂದವರೇ ನಿಜವಾಗಿ ಅನಾಥ ಮಾಡುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧವೂ ಹೌದು. ‘ದಿ ಎಲಿಫೆಂಟ್ ವಿಸ್ಪರರ್ಸ್’ ಸಾಕ್ಷ್ಯಚಿತ್ರದ ರಘು ಎಂಬ ಮರಿಯಾನೆ ಬೊಮ್ಮನ್, ಬೆಳ್ಳಿ ದಂಪತಿಯ ಮಡಿಲಲ್ಲಿ ಬೆಳೆಯಿತು ನಿಜ. ಆದರೆ ಅದು ಬೆಳೆದದ್ದು ಮುದುಮಲೆಯ ತೆಪ್ಪಕಾಡು ಶಿಬಿರದಲ್ಲಿ, ಅರಣ್ಯ ಇಲಾಖೆಯ ಆಶ್ರಯದಲ್ಲಿ.

ಇಂಥ ಸಿನಿಮಾಗಳನ್ನು ಮಕ್ಕಳಿಗೆ ಖಂಡಿತ ತೋರಿಸಿ. ಕಾಡಿನ ಮೇಲೆ ಮೊದಲ ಪ್ರೀತಿ ಹುಟ್ಟುವುದು ಅನೇಕರಿಗೆ ಅಲ್ಲೇ. ಮನೆಗೆ ಬಂದ ಮೇಲೆ ಈ ಮಾತುಗಳನ್ನೂ ಹೇಳಿ: ಕಾಡುಪ್ರಾಣಿಯನ್ನು ದೂರದಿಂದಲೇ ನೋಡಬೇಕು, ತಿಂಡಿ ಹಾಕಬಾರದು, ಗಾಯಗೊಂಡದ್ದು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಬೇಕು.