ವೇಗವಿಲ್ಲದ ಎಕ್ಸ್‌ಪ್ರೆಸ್ಸು

ಹತ್ತಿಯ ಗಿರಣಿಗಳಿಂದಲೂ, ಅವುಗಳ ಸದ್ದಡಗಿದ ಮೇಲೆ ಬೆಣ್ಣೆದೋಸೆಯಿಂದಲೂ ಹೆಸರಾದ ದಾವಣಗೆರೆಗೆ ಕ್ರಿಕೆಟ್ಟಿನ ಭೂಪಟದಲ್ಲಿ ಸ್ಥಾನವನ್ನು ದೊರಕಿಸಿಕೊಟ್ಟವರು, 1984ರ ಫೆಬ್ರವರಿ 12ರಂದು ಇಲ್ಲಿಯೇ ಜನಿಸಿದ ಆರ್. ವಿನಯ್ ಕುಮಾರ್. ಅಭಿಮಾನಿಗಳು ಅವರಿಗಿತ್ತ ‘ದಾವಣಗೆರೆ ಎಕ್ಸ್‌ಪ್ರೆಸ್’ ಎಂಬ ಬಿರುದು ಪ್ರೀತಿಯದೇ ಸರಿ, ಯಥಾರ್ಥವಾದುದಲ್ಲ. ವೇಗದಿಂದ ದಾಂಡಿಗನನ್ನು ಬೆದರಿಸುವ ಜಾತಿಯ ಬೌಲರ್ ಅವರಾಗಿರಲಿಲ್ಲ. ನೆರೆಯ ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ತಯಾರಿಸುತ್ತಿದ್ದ ಲೇತ್ ಯಂತ್ರವು ಸುತ್ತುಸುತ್ತಿಗೂ ಕೂದಲೆಳೆಯಷ್ಟೇ ಲೋಹವನ್ನು ಹೆರೆದು ಆಕಾರಕ್ಕೆ ತರುವಂತೆ, ಓವರಿನ ಮೇಲೆ ಓವರು ಒಂದೇ ಜಾಗಕ್ಕೆ ಚೆಂಡನ್ನಿಕ್ಕಿ ಎದುರಾಳಿಯ ಸಹನೆಯನ್ನು ಸವೆಯಿಸುವುದು ಅವರ ಕಸಬು.

ಈ ವಿದ್ಯೆಯ ಮರ್ಮ ಮಣಿಕಟ್ಟಿನಲ್ಲಿದೆ. ಚೆಂಡಿನ ಒಂದು ಕೆನ್ನೆಯನ್ನು ಷರಾಯಿಗೆ ಉಜ್ಜಿ ಹೊಳಪೇರಿಸಿ, ಇನ್ನೊಂದನ್ನು ಒರಟಾಗಲು ಬಿಟ್ಟು, ಹೊಲಿಗೆಯನ್ನು ಸ್ಲಿಪ್ಪಿನತ್ತ ತುಸುವೇ ವಾಲಿಸಿ ಎಸೆದಾಗ, ಹೊಲಿಗೆಯಿಂದ ಕದಡಿದ ಗಾಳಿಯು ಆ ಪಾರ್ಶ್ವಕ್ಕೆ ಹೆಚ್ಚು ಹೊತ್ತು ಅಂಟಿಕೊಂಡು ಚೆಂಡನ್ನು ಅತ್ತಲೇ ಸೆಳೆಯುತ್ತದೆ. ನೇರವಾಗಿ ಬರುತ್ತಿದೆಯೆಂದು ನಂಬಿ ಬ್ಯಾಟು ಚಾಚಿದವನು ಅಂಚಿಗೆ ಸೋಂಕಿದ ಸದ್ದಿನಿಂದಲೇ ತನ್ನ ಪ್ರಮಾದವನ್ನರಿಯುತ್ತಾನೆ. ನಮ್ಮ ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಚೆಂಡಿನಿಂದ ಆಡುವ ಹುಡುಗರಿಗೆ ಈ ಹೊಲಿಗೆಯ ಪರಿಚಯವೇ ಇಲ್ಲವೆಂಬುದನ್ನು ನೆನೆದರೆ, ತೊಗಲಿನ ಚೆಂಡಿನ ಈ ಪಾಠ ಎಷ್ಟು ಕಷ್ಟಲಬ್ಧವೆಂಬುದು ವಿದಿತವಾದೀತು.

ಚೆಂಡು ತಿರುಗದ ದಿನ ಈ ವಿದ್ಯೆ ನಿಸ್ಸಹಾಯಕ. 2012ರ ಜನವರಿಯಲ್ಲಿ ಪರ್ತ್‌ನಲ್ಲಿ ಆಡಿದ ಏಕೈಕ ಟೆಸ್ಟಿನಲ್ಲಿ ಅವರಿಗೆ 73 ರನ್ನಿಗೆ ಒಂದೇ ವಿಕೆಟ್ಟು ದಕ್ಕಿತು. 2013ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿಯೇ ಆಸ್ಟ್ರೇಲಿಯದವರು ಅವರ ಒಂಬತ್ತು ಓವರುಗಳಲ್ಲಿ 102 ರನ್ನುಗಳನ್ನು ದೋಚಿದರು. ಇದನ್ನು ಮುಚ್ಚಿಡುವುದು ಅಭಿಮಾನವೆನಿಸೀತು, ವಿಮರ್ಶೆಯೆನಿಸದು.

ಅವರ ನಿಜವಾದ ಸಾಮ್ರಾಜ್ಯ ರಣಜಿ ಟ್ರೋಫಿ. ಅವರ ನಾಯಕತ್ವದಲ್ಲಿ ಕರ್ನಾಟಕವು 2013-14 ಮತ್ತು 2014-15ರಲ್ಲಿ, ಒಂದರ ಹಿಂದೊಂದರಂತೆ ಎರಡು ವರ್ಷ, ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಗೆದ್ದುಕೊಂಡಿತು. ಮುಂಬಯಿಯ ವಾಂಖೆಡೆಯಲ್ಲಿ ನಡೆದ ಎರಡನೆಯ ರಣಜಿ ಫೈನಲಿನಲ್ಲಂತೂ, ತಮಿಳುನಾಡನ್ನು 134ಕ್ಕೆ ಉರುಳಿಸುವಲ್ಲಿ 34 ರನ್ನಿಗೆ ಐದು ವಿಕೆಟ್ಟು ಕಿತ್ತ ನಾಯಕರು, ಕರುಣ್ ನಾಯರ್ ಅವರ 328ರ ಮಹಾ ಇನಿಂಗ್ಸಿನ ನೆರಳಿನಲ್ಲಿ ಸದ್ದಿಲ್ಲದೆ ತಾವೂ ಅಜೇಯ 105 ರನ್ನುಗಳನ್ನು ಗಳಿಸಿದರು. ಕರ್ನಾಟಕ ಇನಿಂಗ್ಸ್ ಹಾಗೂ 217 ರನ್ನುಗಳಿಂದ ಗೆದ್ದಿತು.

2021ರ ಫೆಬ್ರವರಿ 26ರಂದು ಅವರು ನಿವೃತ್ತಿಯನ್ನು ಘೋಷಿಸಿದಾಗ, ಆ ಏಕೈಕ ಟೆಸ್ಟನ್ನೂ ಸೇರಿಸಿ, 139 ಪ್ರಥಮ ದರ್ಜೆಯ ಪಂದ್ಯಗಳಲ್ಲಿ 504 ವಿಕೆಟ್ಟುಗಳು ಅವರ ಲೆಕ್ಕದಲ್ಲಿದ್ದವು.